ಘಾಟಿ ಇಳಿದ ಚಕ್ರ, ಹಲಸಿನ ಮರದಡಿಯ ಕಾರು

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಎರಡು ವರ್ಷದ ಕಡುನೀಲಿ ಬಣ್ಣದ ಕಾರು ಇದೆ, ಬೆಳ್ಳಿ ಬಣ್ಣದ ಅಲಾಯ್ ವೀಲ್. ಮಗ ಮಂಗಳೂರಿನಲ್ಲಿ ಓದುವುದರಿಂದ ತಿಂಗಳಿಗೆ ಮೂರು ನಾಲ್ಕು ಸಲ ಸಂಪಾಜೆ ಘಾಟಿ ಇಳಿದು ಹತ್ತುತ್ತೇನೆ. ಮುಂದಿನ ಎರಡು ಚಕ್ರಗಳ ಮೇಲೆ ಕಂದು ಚುಕ್ಕೆಗಳು ಕೂತುಬಿಟ್ಟಿವೆ. ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿದರೂ ಬಿಸಿಲು ಬಿದ್ದಾಗ ಬಾನೆಟ್ ಮೇಲೆ ಜೇಡರ ಬಲೆಯಂಥ ಗೆರೆ ಕಾಣುತ್ತದೆ. ಕಾರು ನಿಲ್ಲಿಸುವುದು ಹಲಸಿನ ಮರದ ಕೆಳಗೆ, ಶೆಡ್ ಇಲ್ಲ. ಒಬ್ಬರು ‘ಆಸಿಡ್ ಹಾಕಿದರೆ ಚಕ್ರ ಹೊಸದಾಗುತ್ತೆ’ ಅಂದರು. ಇನ್ನೊಬ್ಬರು ‘ಸೆರಾಮಿಕ್ ಕೋಟಿಂಗ್ ಮಾಡಿಸಿ, ಮತ್ತೆ ನೋಡೋದೇ ಬೇಡ’ ಅನ್ನುತ್ತಿದ್ದಾರೆ. ಮಳೆಗಾಲಕ್ಕೆ ಮೊದಲು ನಾನು ಏನು ಮಾಡಲಿ?

ಉತ್ತರ: ಆಸಿಡ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದನ್ನು ಓದುವ ಮೊದಲೇ ಯಾರಾದರೂ ಬಾಟಲಿ ಹಿಡಿದು ಬಂದಾರು.

ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡ ಪದಗಳು ಎರಡು: ‘ಉಜ್ಜಿದರೂ’, ‘ಒರೆಸಿದರೂ’. ಚಕ್ರದ ಚುಕ್ಕೆ ಹೋಗದಿರುವುದಕ್ಕೂ ಬಾನೆಟ್ ಮೇಲೆ ಗೆರೆ ಬಂದಿರುವುದಕ್ಕೂ ಇರುವ ನಂಟು ಅಲ್ಲೇ ಇದೆ. ಹಿಟ್ಟು ಒಣಗಿ ಹಿಡಿದ ಪಾತ್ರೆಯನ್ನು ಮನೆಯಲ್ಲಿ ಯಾರೂ ಹಾಗೇ ಕೆರೆಯುವುದಿಲ್ಲ. ನೀರು ಹಾಕಿ ಬದಿಗಿಡುತ್ತಾರೆ, ಆಮೇಲೆ ಕೈ ಆಡಿಸಿದರೆ ಸಾಕು. ಕಾರಿಗೂ ಅಷ್ಟೇ. ನೆನೆಸುವುದು ಜಾಸ್ತಿ, ಉಜ್ಜುವುದು ಕಡಿಮೆ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕೊಳೆಯಿಂದ ಹಾಳಾದ ಬಣ್ಣಕ್ಕಿಂತ, ಕೊಳೆ ತೆಗೆಯಲು ಹೋಗಿ ಹಾಳಾದ ಬಣ್ಣವನ್ನೇ ಜಾಸ್ತಿ ನೋಡಿದ್ದೇನೆ.

ಚಕ್ರದಿಂದ ಶುರು ಮಾಡೋಣ. ಆ ಕಂದು ಚುಕ್ಕೆ ಮಣ್ಣಿನದಲ್ಲ, ಕಬ್ಬಿಣದ್ದು. ಬ್ರೇಕ್ ಒತ್ತಿದಾಗ ಪ್ಯಾಡ್ ಹೋಗಿ ಡಿಸ್ಕನ್ನು ಹಿಡಿಯುತ್ತದೆ. ಡಿಸ್ಕ್ ಎರಕದ ಕಬ್ಬಿಣ. ಎರಡೂ ಸವೆದು ಹುಡಿಯಾಗಿ ಹಾರುತ್ತವೆ. ಹಾರುವಾಗ ಆ ಹುಡಿ ಬಿಸಿಯಾಗಿರುತ್ತದೆ, ನೇರ ಹೋಗಿ ಚಕ್ರಕ್ಕೆ ಕಚ್ಚಿಕೊಳ್ಳುತ್ತದೆ. ಮೇಲೆ ಮಳೆ ಬಿದ್ದರೆ ತುಕ್ಕು ಹಿಡಿದು ಉಬ್ಬುತ್ತದೆ, ಇನ್ನೂ ಆಳಕ್ಕೆ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಕಾರಿನ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಮುಂದಿನ ಬ್ರೇಕಿಗೇ ಕೆಲಸ ಜಾಸ್ತಿ. ಅದಕ್ಕೇ ನಿಮ್ಮ ಮುಂದಿನ ಚಕ್ರ ಕಂದಾಗಿದೆ, ಹಿಂದಿನದು ಚೆನ್ನಾಗಿದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ಹಳೆಯ ಡ್ರೈವರ್‌ಗಳು ಹೇಳುತ್ತಾರಲ್ಲ, ಅದು ಬ್ರೇಕ್ ಕಾಯದಿರಲಿ ಅಂತ ಹೇಳಿದ ಮಾತು. ಆದರೆ ಅದರಿಂದ ಚಕ್ರವೂ ಉಳಿಯುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳಲಿ. ಬ್ರೇಕನ್ನು ಬೇಕಾದಾಗ ಒತ್ತಿ ಬಿಡಿ, ಕಾಲನ್ನು ಅದರ ಮೇಲೇ ಇಟ್ಟುಕೊಂಡು ಇಳಿಯಬೇಡಿ.

ಶಾಂಪೂಗೆ ಈ ಚುಕ್ಕೆ ಬಗ್ಗುವುದಿಲ್ಲ. ಶಾಂಪೂ ಎಣ್ಣೆ, ಧೂಳು ತೆಗೆಯುತ್ತದೆ, ಕಚ್ಚಿಕೊಂಡ ಕಬ್ಬಿಣವನ್ನು ತೆಗೆಯುವುದಿಲ್ಲ. ಇದಕ್ಕೆ ಐರನ್ ರಿಮೂವರ್ ಅಂತಲೇ ಒಂದು ದ್ರಾವಣ ಸಿಗುತ್ತದೆ. ಕಾರಿನ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಇರುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ‘ಪಿಎಚ್ ನ್ಯೂಟ್ರಲ್’ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದದ್ದನ್ನೇ ಕೊಳ್ಳಿ. ಅದರೊಳಗಿನ ರಾಸಾಯನಿಕ ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ನೀರಿನಲ್ಲಿ ಕರಗಿ ಹೋಗುತ್ತದೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯಂತೆ. ಕೈಗವಸು ಹಾಕಿಕೊಳ್ಳಿ, ಗಾಳಿ ಆಡುವ ಕಡೆ ಮಾಡಿ.

ಮಾಡುವ ಕ್ರಮ ಹೀಗೆ. ಚಕ್ರ ಪೂರ್ತಿ ತಣ್ಣಗಿರಬೇಕು. ಘಾಟಿಯಿಂದ ಬಂದವರು ಕೂಡಲೇ ನೀರು ಹಾಕಬೇಡಿ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಡಿಸ್ಕ್ ಡೊಂಕಾಗಬಹುದು, ದ್ರಾವಣವೂ ಬಿಸಿಗೆ ಆರಿ ಕಲೆಯಾಗುತ್ತದೆ. ಒಂದೆರಡು ಗಂಟೆ ಬಿಡಿ. ನೆರಳಲ್ಲಿ ಒಂದು ಚಕ್ರವನ್ನಷ್ಟೇ ಮೊದಲು ಹಿಡಿಯಿರಿ. ಪೈಪಿನ ನೀರಿನಲ್ಲಿ ಮಣ್ಣೆಲ್ಲ ಇಳಿಯುವವರೆಗೆ ತೊಳೆಯಿರಿ. ಆಮೇಲೆ ದ್ರಾವಣ ಸಿಂಪಡಿಸಿ ಸುಮ್ನೆ ನೋಡುತ್ತಾ ನಿಲ್ಲಿ. ಒಂದು ನಿಮಿಷದಲ್ಲಿ ಒಂದೊಂದೇ ಚುಕ್ಕೆಯ ಸುತ್ತ ನೇರಳೆ ಒಸರುತ್ತದೆ, ನೇರಳೆ ಹಣ್ಣು ಕಚ್ಚಿದಾಗ ನಾಲಿಗೆಗೆ ಹತ್ತುವ ಬಣ್ಣದಂತೆ. ಆಮೇಲೆ ಗೆರೆಗೆರೆಯಾಗಿ ಕೆಳಕ್ಕೆ ಹರಿಯುತ್ತದೆ. ಮೂರರಿಂದ ಐದು ನಿಮಿಷ ಕಾಯಿರಿ, ಆದರೆ ಒಣಗಲು ಬಿಡಬೇಡಿ. ಮೆತ್ತನೆಯ ಬ್ರಷ್‌ನಲ್ಲಿ ಮೆಲ್ಲಗೆ ಆಡಿಸಿ, ನಟ್ಟುಗಳ ಸುತ್ತ ಒಂದು ಹಳೆಯ ಪೇಂಟ್ ಬ್ರಷ್ ಸಾಕು. ಆಮೇಲೆ ಧಾರಾಳ ನೀರು. ಎರಡು ವರ್ಷದ ಕೊಳೆ ಒಂದೇ ಸಲಕ್ಕೆ ಹೋಗಲಿಕ್ಕಿಲ್ಲ, ಎರಡನೇ ಸಲ ಮಾಡಿ. ಸ್ಟೀಲ್ ನಾರು, ಹಸಿರು ಸ್ಕ್ರಬ್ಬರ್ ಇವನ್ನು ಚಕ್ರದ ಹತ್ತಿರವೂ ತರಬೇಡಿ.

ಎರಡು ಸಲ ಮಾಡಿದ ಮೇಲೂ ಉಳಿದದ್ದನ್ನು ಹತ್ತಿರದಿಂದ ನೋಡಿ. ಮೇಲಿನ ಪಾರದರ್ಶಕ ಪದರದ ಕೆಳಗೆ ಬಿಳಿ ಹುಳ ಹರಿದಂಥ ಗೆರೆಗಳಿದ್ದರೆ ಅಲ್ಲಿ ಪದರ ಒಡೆದು ಅಲ್ಯೂಮಿನಿಯಂಗೇ ನೀರು ತಾಗಿದೆ ಅಂತ ಅರ್ಥ. ಅದು ಯಾವ ದ್ರಾವಣಕ್ಕೂ ಹೋಗುವುದಿಲ್ಲ. ಆ ಚಕ್ರವನ್ನು ಬಿಚ್ಚಿಸಿ ಹೊಸದಾಗಿ ಬಣ್ಣ ಕೊಡಿಸಬೇಕು.

ಆಸಿಡ್ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನಿದ್ದ ವಾಟರ್ ಸರ್ವಿಸ್‌ನಲ್ಲಿ ಪಾಯಿಖಾನೆ ತೊಳೆಯುವ ಆಸಿಡನ್ನೇ ನೀರಿಗೆ ಬೆರೆಸಿ ಚಕ್ರಕ್ಕೆ ಹಾಕುತ್ತಿದ್ದರು. ಹಾಕಿದ ಕೂಡಲೇ ಬುರುಬುರು ನೊರೆ ಬಂದು ಚಕ್ರ ಫಳಫಳ ಅನ್ನುತ್ತಿತ್ತು. ಗಿರಾಕಿ ಖುಷಿಯಿಂದ ಹೋಗುತ್ತಿದ್ದರು. ಒಂದು ಸಲ ಒಬ್ಬರ ಹೊಸ ಚಕ್ರಕ್ಕೆ ನಾನೇ ಹಾಕಿದೆ. ಸ್ವಲ್ಪ ದಿನ ಬಿಟ್ಟು ಅವರು ವಾಪಸ್ ಬಂದಾಗ ಮೇಲಿನ ಹೊಳಪೆಲ್ಲ ಮಾಸಿ, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಒಳಗಿನ ಡಿಸ್ಕ್, ನಟ್ಟು ಎಲ್ಲ ತುಕ್ಕು. ಅವರು ಬೈಯಲಿಲ್ಲ, ಚಕ್ರವನ್ನು ಸವರಿ ನೋಡಿ ಸುಮ್ಮನೆ ನಿಂತರು. ಆ ದಿನದಿಂದ ನನ್ನ ಕೈಯಲ್ಲಿ ಆಸಿಡ್ ಬಾಟಲಿ ಹಿಡಿದಿಲ್ಲ.

ಚಕ್ರದ ಹೊರಮುಖ ತೊಳೆದು ನಿಲ್ಲಿಸಿಬಿಡುವವರೇ ಜಾಸ್ತಿ. ಒಳಬದಿಗೆ ಕೈ ಹಾಕಿ ನೋಡಿ. ತೋಟದ ದಾರಿಯ ಕೆಂಪು ಕೆಸರು ರಿಮ್ಮಿನ ಒಳಗೆ ಮೆತ್ತಿಕೊಂಡು ಇಟ್ಟಿಗೆಯಂತೆ ಒಣಗಿರುತ್ತದೆ. ಒಂದೇ ಕಡೆ ಮುದ್ದೆ ಕೂತರೆ ಚಕ್ರದ ತೂಕ ಏರುಪೇರಾಗಿ ಹೈವೇಯಲ್ಲಿ ಎಂಬತ್ತು ದಾಟಿದ ಕೂಡಲೇ ಸ್ಟೀರಿಂಗ್ ನಡುಗುತ್ತದೆ. ಎಷ್ಟೋ ಜನ ಇದಕ್ಕೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಲು ಹೋಗುತ್ತಾರೆ. ಮೊದಲು ಒಳಬದಿಯ ಕೆಸರು ನೆನೆಸಿ ತೆಗೆಯಿರಿ. ಅರ್ಧದಷ್ಟು ಸಲ ನಡುಕ ಅಲ್ಲಿಗೇ ನಿಲ್ಲುತ್ತದೆ ಅಂತ ನನ್ನ ಅನುಭವ.

ಚಕ್ರವನ್ನು ಯಾವಾಗಲೂ ಕಾರಿನ ಮೈಗಿಂತ ಮೊದಲು ತೊಳೆಯಿರಿ, ಆ ಕೊಳೆ ನೀರು ತೊಳೆದ ಬಾಗಿಲಿಗೆ ಹಾರಬಾರದು. ಚಕ್ರದ ಬಕೆಟ್, ಬ್ರಷ್, ಬಟ್ಟೆ ಬೇರೆಯೇ ಇರಲಿ. ಟಯರ್ ಪಾಲಿಷ್ ಬೇಕಿದ್ದರೆ ಬದಿಗೆ ಮಾತ್ರ, ತೆಳುವಾಗಿ. ರಸ್ತೆಗೆ ತಾಗುವ ಭಾಗಕ್ಕೆ ಹಚ್ಚಿದರೆ ಟಯರ್ ಜಾರುತ್ತದೆ, ನಮ್ಮ ಮಳೆ, ತಿರುವುಗಳಲ್ಲಿ ಆ ಆಟ ಬೇಡ. ಸರ್ವಿಸ್ ಮಾಡಿಸುವಾಗ ಅಡಿಭಾಗಕ್ಕೆ ಡೀಸೆಲ್ ಹೊಡೆಯುತ್ತೇವೆ ಅಂದರೂ ಬೇಡ ಅನ್ನಿ. ಡೀಸೆಲ್ ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಬ್ರೇಕಿಗೆ ತಾಗಿದರೆ ಬ್ರೇಕೇ ಹಿಡಿಯುವುದಿಲ್ಲ.

ಇನ್ನು ಬಣ್ಣದ ವಿಷಯ.

ಒಂದು ಚಿಕ್ಕ ಪ್ರಯೋಗ ಮಾಡಿ, ಹತ್ತು ನಿಮಿಷ ಸಾಕು. ಮಡ್‌ಗಾರ್ಡ್ ಒಳಗಿನ ಕೆಂಪು ಮಣ್ಣು ಒಂದು ಹಿಡಿ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿ. ಅಕ್ಕಿ ತೊಳೆದ ಹಾಗೆ ನೀರು ಹಾಕಿ ಕಲಕಿ, ಕೆಂಪು ನೀರು ಬಗ್ಗಿಸಿ. ನಾಲ್ಕೈದು ಸಲ ಮಾಡಿದ ಮೇಲೆ ತಳದಲ್ಲಿ ಬಿಳಿಯ, ಮಿನುಗುವ ಸಣ್ಣ ಹರಳು ಉಳಿಯುತ್ತದೆ. ಬೆರಳಲ್ಲಿ ಬಟ್ಟಲಿಗೆ ಒತ್ತಿ ಆಡಿಸಿದರೆ ಕರಕರ ಅನ್ನುತ್ತದೆ. ಬಟ್ಟಲು ಒರೆಸಿ ನೋಡಿ, ಗೆರೆ ಬಿದ್ದಿರುತ್ತದೆ. ಆ ಹರಳು ಬೆಣಚುಕಲ್ಲು, ಸ್ಟೀಲನ್ನೇ ಗೀರುವಷ್ಟು ಗಟ್ಟಿ. ನೀವು ಬೆಳಿಗ್ಗೆ ಒಣ ಬಟ್ಟೆಯಲ್ಲಿ ಬಾನೆಟ್ ಒರೆಸುವಾಗ ಬಟ್ಟೆಯ ಕೆಳಗೆ ಇರುವುದು ಇದೇ.

ಮತ್ತೆ, ಆ ಬಟ್ಟೆಯ ಕೆಳಗಿನ ಪದರ ಎಷ್ಟು ತೆಳು ಅಂತ ತಿಳಿದರೆ ನಿಮಗೇ ಅಯ್ಯೋ ಅನ್ನಿಸುತ್ತದೆ. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇರುತ್ತದೆ. ಎಲ್ಲ ಸೇರಿ ಸಾಧಾರಣವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದರಿಂದ ಒಂದೂವರೆ ಹಾಳೆ ಕಾಗದದಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್. ಹೊಳಪೆಲ್ಲ ಇರುವುದು ಆ ಪದರದಲ್ಲಿ. ಜೇಡರ ಬಲೆಯೂ ಅದರ ಮೇಲೇ ಬಿದ್ದಿದೆ. ಕಡು ಬಣ್ಣದ ಕಾರಿನಲ್ಲಿ ಅದು ಎದ್ದು ಕಾಣುತ್ತದೆ, ಬಿಳಿ ಕಾರಿನಲ್ಲಿಯೂ ಇರುತ್ತದೆ, ಕಾಣುವುದಿಲ್ಲ ಅಷ್ಟೇ.

ಹಾಗಾಗಿ ಬೆಳಗಿನ ಒಣ ಒರೆಸುವಿಕೆಯನ್ನು ನಾಳೆಯಿಂದಲೇ ನಿಲ್ಲಿಸಿ. ಧೂಳು ಕೂತಿದ್ದರೆ ಕೂತಿರಲಿ, ಅದರಿಂದ ಬಣ್ಣಕ್ಕೆ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ ಸರಿಯಾಗಿ ತೊಳೆದರೆ ಸಾಕು. ತೊಳೆಯುವಾಗ ಮೊದಲು ಮೈಗೆಲ್ಲ ನೀರು ಹಾಕಿ ಐದು ಹತ್ತು ನಿಮಿಷ ಬಿಡಿ, ಒಣಗುವ ಮೊದಲೇ ಮತ್ತೆ ನೀರು ಬಿಡಿ. ಕೆಸರು ತನ್ನಷ್ಟಕ್ಕೇ ಇಳಿಯುತ್ತದೆ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ತೊಳೆಯುವ ಮೈಕ್ರೋಫೈಬರ್ ಕೈಗವಸನ್ನು ಶಾಂಪೂಗೆ ಅದ್ದಿ ಒಂದು ಭಾಗ ತೊಳೆಯಿರಿ, ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ, ಮತ್ತೆ ಶಾಂಪೂ. ಟಾಪಿನಿಂದ ಕೆಳಕ್ಕೆ ಬನ್ನಿ, ಬಾಗಿಲ ಕೆಳಭಾಗ ಕೊನೆಗೆ. ನೇರ ಎಳೆಯಿರಿ, ಗುಂಡಗೆ ತಿರುಗಿಸಬೇಡಿ. ಕೈಗವಸು ನೆಲಕ್ಕೆ ಬಿದ್ದರೆ ಅದನ್ನು ಆ ದಿನ ಮತ್ತೆ ಮುಟ್ಟಬೇಡಿ. ಕೊನೆಗೆ ದೊಡ್ಡ ಟವೆಲ್ ಹಾಸಿ ಮೆಲ್ಲಗೆ ಒತ್ತಿ ನೀರು ಹೀರಿಸಿ. ಪಾತ್ರೆ ತೊಳೆಯುವ ಸೋಪು ಬೇಡ, ಮೇಲಿನ ವ್ಯಾಕ್ಸನ್ನೂ ತೆಗೆದುಕೊಂಡು ಹೋಗುತ್ತದೆ.

ತೋಟದ ಮನೆಗಳಲ್ಲಿ ನಾನು ಕಾಣುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಔಷಧಿ ಹೊಡೆಯುವ ಪಂಪಿನಲ್ಲೇ ಕಾರು ತೊಳೆಯುತ್ತಾರೆ. ನೀರಿನ ರಭಸ ಚೆನ್ನಾಗಿರುತ್ತದೆ, ನಿಜ. ಆದರೆ ಆ ಡ್ರಮ್ಮು, ಆ ಪೈಪಿನಲ್ಲಿ ಹೋದದ್ದು ಗಿಡದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಲ್ವಾ? ಶೇಕಡಾ ಒಂದರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎಲೆಗೆ ಅಂಟಿಕೊಂಡು ಮಳೆಗೂ ಹೋಗದಿರಲಿ ಅಂತಲೇ ಮಾಡಿದ ಮಿಶ್ರಣ ಅದು. ಕಾರಿಗೂ ಹಾಗೇ ಅಂಟುತ್ತದೆ. ಅದರಲ್ಲಿರುವ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬಣ್ಣ ಕಿತ್ತ ಅಲಾಯ್ ಚಕ್ರಕ್ಕೆ ಬಿದ್ದರೆ ಅಲ್ಲಿ ಗುಳಿ ಬೀಳುತ್ತದೆ. ಮೇ ತಿಂಗಳಲ್ಲಿ ಕರಿಮೆಣಸಿಗೆ, ಕಾಫಿಗೆ ಹೊಡೆಯುವ ದಿನ ಕಾರನ್ನು ಗಾಳಿ ಬೀಸುವ ದಿಕ್ಕಿನಿಂದ ದೂರ ನಿಲ್ಲಿಸಿ. ಹನಿ ಬಿದ್ದದ್ದು ಕಂಡರೆ ಒಣಗುವ ಮೊದಲೇ ನೀರು ಹಾಕಿ. ಒಣಗಿ ನೀಲಿ ಬಿಳಿ ಚುಕ್ಕೆಯಾಗಿದ್ದರೆ ಒಂದು ಭಾಗ ವಿನೆಗರ್‌ಗೆ ಹತ್ತು ಭಾಗ ನೀರು ಬೆರೆಸಿ, ಬಟ್ಟೆ ಅದ್ದಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಹಾಸಿಡಿ. ಸುಣ್ಣ ಸಡಿಲವಾಗುತ್ತದೆ. ಆಮೇಲೆ ಶಾಂಪೂ, ನೀರು.

ಹಲಸಿನ ಮರದ ಕೆಳಗೆ ನಿಲ್ಲಿಸುತ್ತೀರಿ ಅಂದಿರಿ. ಮೇಣ ಬಿದ್ದರೆ ಉಗುರಿನಲ್ಲಿ ಕೆರೆಯಬೇಡಿ. ಹಲಸು ಕೊಯ್ಯುವಾಗ ಕೈಗೆ ಏನು ಹಚ್ಚುತ್ತೀರೋ ಅದೇ ಇಲ್ಲಿಯೂ ಔಷಧಿ. ಕೊಬ್ಬರಿ ಎಣ್ಣೆಯನ್ನು ಮೆತ್ತನೆಯ ಬಟ್ಟೆಗೆ ಹಾಕಿ ಮೇಣದ ಮೇಲೆ ಇಟ್ಟು ಬಿಡಿ, ಮೃದುವಾದ ಮೇಲೆ ಒರೆಸಿ, ಎಣ್ಣೆಯನ್ನು ಶಾಂಪೂವಿನಲ್ಲಿ ತೊಳೆಯಿರಿ. ಹಕ್ಕಿ ಹಿಕ್ಕೆ ಇದಕ್ಕಿಂತ ಕೆಟ್ಟದ್ದು. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ, ತಣಿದಾಗ ಹಿಕ್ಕೆಯ ಅಚ್ಚು ಅದರಲ್ಲೇ ಉಳಿಯುತ್ತದೆ. ಅತ್ತಿ ಹಣ್ಣಾಗುವ ಕಾಲದಲ್ಲಂತೂ ಹಕ್ಕಿ, ಬಾವಲಿ ಎಲ್ಲದರದ್ದೂ ಬೀಳುತ್ತದೆ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಎರಡು ಬಟ್ಟೆ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯನ್ನು ಹಿಕ್ಕೆಯ ಮೇಲೆ ಹಾಸಿ ಎರಡು ನಿಮಿಷ ಬಿಟ್ಟು, ಮೇಲಕ್ಕೆ ಎತ್ತಿ ತೆಗೆಯಿರಿ. ಮೊದಲ ಮಳೆಯ ರಾತ್ರಿ ಬಂಪರಿಗೆ ಅಪ್ಪಳಿಸುವ ರೆಕ್ಕೆ ಹುಳುಗಳಿಗೂ ಇದೇ ಉಪಾಯ.

ಈಗಾಗಲೇ ಬಿದ್ದ ಗೆರೆಗಳು? ಉಗುರನ್ನು ಗೆರೆಯ ಅಡ್ಡಕ್ಕೆ ಆಡಿಸಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು, ಪಾಲಿಷ್‌ಗೆ ಹೋಗುವುದಿಲ್ಲ. ಸಿಕ್ಕಿಕೊಳ್ಳದಿದ್ದರೆ ಮಷೀನ್ ಪಾಲಿಷ್‌ನಲ್ಲಿ ಹೋಗುತ್ತದೆ. ಆದರೆ ಪಾಲಿಷ್ ಅಂದರೆ ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸುವುದು. ಪ್ರತಿ ಸರ್ವಿಸ್‌ಗೂ ‘ರಬ್ಬಿಂಗ್ ಪಾಲಿಷ್ ಹೊಡೀಲಾ ಸಾರ್’ ಅಂತ ಕೇಳುತ್ತಾರಲ್ಲ, ಬೇಡ ಅನ್ನಿ. 40 ಮೈಕ್ರಾನ್‌ನಲ್ಲಿ ಎಷ್ಟು ಸಲ ಸವೆಸುತ್ತೀರಿ? ನಿಮ್ಮ ಕಾರಿಗೆ ಈಗ ಒಂದು ಸಲ, ಬಣ್ಣದ ದಪ್ಪ ಅಳೆಯುವ ಮೀಟರ್ ಇರುವವರ ಹತ್ತಿರ ಮಾಡಿಸಿ. ಅದಕ್ಕೆ ಮೊದಲು ಒಂದು ಪರೀಕ್ಷೆ. ಕಾರು ತೊಳೆದು ಒಣಗಿಸಿ, ತೆಳು ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಬಾಗಿಲ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣುಪು ಅನ್ನಿಸಿದ ಜಾಗ ಕವರಿನೊಳಗಿಂದ ರವೆ ಚೆಲ್ಲಿದ ಹಾಗೆ ತಾಗುತ್ತದೆ. ಅಲ್ಲಿಗೂ ಕಬ್ಬಿಣದ ಹುಡಿ ಹಾರಿದೆ. ಅದೇ ಐರನ್ ರಿಮೂವರ್, ಆಮೇಲೆ ಕ್ಲೇ ಬಾರ್ ಅನ್ನುವ ಜೇಡಿಮಣ್ಣಿನಂಥ ಮುದ್ದೆಯನ್ನು ಶಾಂಪೂ ನೀರು ಧಾರಾಳವಾಗಿ ಹಾಕಿ ಜಾರಿಸಿದರೆ ಹೋಗುತ್ತದೆ. ಹುಡಿ ತೆಗೆಯದೆ ಪಾಲಿಷ್ ಮಷೀನ್ ಇಟ್ಟರೆ ಆ ಹುಡಿಯೇ ಹೊಸ ಗೆರೆ ಹಾಕುತ್ತದೆ.

ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚಿ ಗಟ್ಟಿಯಾಗಿಸುವ ತೆಳು ಪದರ, ಕೆಟ್ಟದ್ದಲ್ಲ. ನೀರು ನಿಲ್ಲದೆ ಜಾರುತ್ತದೆ, ಕೆಸರು ಸುಲಭವಾಗಿ ಬಿಡುತ್ತದೆ. ಆದರೆ ‘ಮತ್ತೆ ನೋಡೋದೇ ಬೇಡ’ ಅನ್ನುವುದು ಸುಳ್ಳು. ಒಣ ಬಟ್ಟೆಯಲ್ಲಿ ಒರೆಸಿದರೆ ಅದರ ಮೇಲೂ ಗೆರೆ ಬೀಳುತ್ತದೆ, ಹಿಕ್ಕೆ ಬಿಟ್ಟರೆ ಅದರ ಮೇಲೂ ಕಲೆಯಾಗುತ್ತದೆ. ಶೆಡ್ ಇಲ್ಲದ ಕಾರಿಗೆ ಅಷ್ಟು ದುಡ್ಡು ಹಾಕುವ ಬದಲು ನಾಲ್ಕು ಕಂಬ ನೆಟ್ಟು ಮೇಲೆ ಶೀಟು ಹಾಕಿಸಿ ಅಂತ ನನ್ನ ಸಲಹೆ. ಬಣ್ಣಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಜೊತೆಗೆ ಒಂದು ಒಳ್ಳೆಯ ಸೀಲೆಂಟನ್ನು (ವ್ಯಾಕ್ಸ್‌ನಂತೆ ಬಣ್ಣವನ್ನು ಕಾಯುವ ಲೇಪ) ನೀವೇ ವರ್ಷಕ್ಕೆ ಎರಡು ಸಲ ಹಚ್ಚಿ, ಚಕ್ರಕ್ಕೂ ಸೇರಿ. ಮೇ ಕೊನೆಯ ವಾರ ಒಂದು, ಮಳೆ ಬಿಟ್ಟು ಅಕ್ಟೋಬರ್‌ನಲ್ಲಿ ಇನ್ನೊಂದು. ಆಯುಧಪೂಜೆಯ ಕುಂಕುಮ, ಅರಿಸಿನವನ್ನು ಮರುದಿನವೇ ತೊಳೆದು ಆಮೇಲೆ ಹಚ್ಚಿದರೆ ಸರಿಯಾಗುತ್ತದೆ. ವಾರ ಬಿಟ್ಟರೆ ಆ ಕಲೆ ಹಠ ಹಿಡಿಯುತ್ತದೆ.

ಶೆಡ್ ಆಗುವವರೆಗೆ ನೀಲಿ ಟರ್ಪಾಲನ್ನು ಕಾರಿನ ಮೇಲೆ ಹೊದೆಸುವ ಯೋಚನೆ ಮಾತ್ರ ಬೇಡ. ಗಾಳಿಗೆ ಅದು ಪಟಪಟ ಬಡಿದು ಗೆರೆ ಹಾಕುತ್ತದೆ, ಒಳಗೆ ತೇವ ನಿಂತು ಬಣ್ಣ ಮಂಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾರು ಒಣಗುವುದೇ ಅಪರೂಪ. ಆಗ ಹೊಳಪಿನ ಚಿಂತೆ ಬಿಟ್ಟು ನೀರು ನಿಲ್ಲದಂತೆ ನೋಡಿಕೊಳ್ಳಿ. ಬಾನೆಟ್ ಎತ್ತಿ, ಮುಂದಿನ ಗ್ಲಾಸಿನ ಬುಡದಲ್ಲಿ ಸೇರಿದ ಸಿಲ್ವರ್ ಓಕ್ ಎಲೆಗಳನ್ನು ವಾರಕ್ಕೊಮ್ಮೆ ಕೈಯಿಂದ ಬಾಚಿ ತೆಗೆಯಿರಿ. ಅಲ್ಲಿ ನೀರು ಹೋಗುವ ತೂತು ಕಟ್ಟಿದರೆ ನೀರು ಕಾರಿನೊಳಗೆ ಬಂದು ಮ್ಯಾಟಿನ ಕೆಳಗೆ ನಿಲ್ಲುತ್ತದೆ. ಬಾಗಿಲುಗಳ ಕೆಳ ಅಂಚಿನ ತೂತುಗಳನ್ನೂ ನೋಡಿ. ಗ್ಲಾಸಿನ ರಬ್ಬರ್ ಅಂಚಿಗೆ ಹಸಿರು ಪಾಚಿ ಹಿಡಿದರೆ ಹಳೆಯ ಹಲ್ಲುಜ್ಜುವ ಬ್ರಷ್, ಶಾಂಪೂ ನೀರು ಸಾಕು. ಚಕ್ರಕ್ಕೆ ಎರಡು ವಾರಕ್ಕೊಮ್ಮೆ ಬರೀ ಶಾಂಪೂ ಹಾಕಿ ತೊಳೆದರೆ ಹೊಸ ಹುಡಿ ಗಟ್ಟಿಯಾಗಿ ಕಚ್ಚಿಕೊಳ್ಳುವ ಮೊದಲೇ ಬಹುಪಾಲು ಹೋಗಿರುತ್ತದೆ. ಐರನ್ ರಿಮೂವರ್ ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು. ಅದನ್ನು ಹೊಳೆಯ ಬದಿಯಲ್ಲಿ, ತೋಡಿನ ಬದಿಯಲ್ಲಿ ಬಳಸಬೇಡಿ. ಅಲ್ಲಿ ಬಿಟ್ಟ ನೀರು ಕಾವೇರಿಗೇ ಹೋಗುತ್ತದೆ. ಅಂಗಳದಲ್ಲಿ, ಬಾವಿಯಿಂದ ದೂರ ಮಾಡಿ.

ಚಕ್ರ ತೊಳೆದಾದ ಮೇಲೆ ಕೊನೆಯ ಕೆಲಸ ಒಂದಿದೆ. ಗೇಟಿನವರೆಗೆ ಕಾರು ಓಡಿಸಿ, ನಿಧಾನ ವೇಗದಲ್ಲಿ ನಾಲ್ಕೈದು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಮೊದಲ ಸಲ ಕಿರ್ ಅನ್ನಬಹುದು, ಅದು ಮೇಲ್ಮೈಯ ತೆಳು ತುಕ್ಕು, ಹೆದರಬೇಡಿ. ಒದ್ದೆ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆದು ಎರಡು ಮೂರು ದಿನ ನಿಲ್ಲಿಸಿದರೆ ಮಳೆಗಾಲದಲ್ಲಿ ಅದು ಹಿಡಿದುಬಿಡುತ್ತದೆ, ಚಕ್ರ ತಿರುಗುವುದೇ ಇಲ್ಲ. ಸಮತಟ್ಟು ಜಾಗ ನೋಡಿ, ಗೇರಿನಲ್ಲಿ ಹಾಕಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು ನಿಲ್ಲಿಸಿ.